ಅತ್ತೆಯ ಯಾತ್ರೆ, ನನ್ನ ಬೆರಳು

ಎರಡು ತಿಂಗಳ ಹಿಂದೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಪಟ್ಟಿ ಬಿಚ್ಚಿದ ಮೇಲೆ ಜೆ.ಪಿ. ನಗರದ ಫಿಸಿಯೋಥೆರಪಿಯ ಹುಡುಗಿ ನನ್ನ ಅಂಗೈಯಲ್ಲಿ ಒಂದು ಹಳದಿ ಚೆಂಡಿಟ್ಟು, "ಆಂಟಿ, ಇದನ್ನ ನಿಧಾನಕ್ಕೆ ಒತ್ತಿ. ಟಿವಿ ನೋಡ್ತಾನೂ ಒತ್ತಬಹುದು, ಕಷ್ಟ ಏನಿಲ್ಲ" ಎಂದಳು. ಒತ್ತಿದೆ. ಚೆಂಡು ಅಲ್ಲಾಡಲಿಲ್ಲ. "ಅಭ್ಯಾಸ ಇಲ್ಲ ಅಲ್ವಾ, ಮೊದಮೊದಲು ಹಾಗೇನೇ" ಎಂದು ಸಮಾಧಾನ ಹೇಳಿದಳು. ಇಂಥದೇ ಒಂದು ಚೆಂಡನ್ನು ಒತ್ತುತ್ತಾ ಒತ್ತುತ್ತಾ ನಾನು ಶ್ರೀಶೈಲದಿಂದ ಕೇದಾರದವರೆಗೆ ಹೋಗಿ ಬಂದವಳು ಎಂದು ಹೇಳೋಣವೆನ್ನಿಸಿತು. ಆದರೆ ಅದನ್ನು ಹೇಳುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ಹೊರಗೆ ಬೆಂಚಿನ ಮೇಲೆ ಮಂಡಿ ಹಿಡಿದುಕೊಂಡು ಜನ ಕಾಯುತ್ತಿದ್ದರು. ಸುಮ್ಮನೆ ತಲೆಯಾಡಿಸಿ ಎದ್ದು ಬಂದೆ. ನಿಮಗಾದರೆ ಕೂತುಕೊಂಡೇ ಹೇಳಬಹುದು.

ಈಗ ಬಂಡೆ ಹತ್ತುವುದನ್ನು ಕಲಿಸಲು ಕಟ್ಟಡದೊಳಗೇ ಗೋಡೆ ಎಬ್ಬಿಸಿ, ಬಣ್ಣಬಣ್ಣದ ಹಿಡಿಗಳನ್ನು ಕೂರಿಸಿ, ಕೆಳಗೆ ಮೆತ್ತೆ ಹಾಸಿರುತ್ತಾರಂತೆ. ನಾನು ಕಲಿತದ್ದು ಸಂಡಿಗೆ ಕಾಯುತ್ತಾ. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಶ್ರೀನಗರದ ನಮ್ಮ ಮನೆಯ ಹಿಂದೆ ಮನೆಗಳಿಗಿಂತ ಬಂಡೆಗಳೇ ಹೆಚ್ಚಿದ್ದವು. ಬೇಸಿಗೆ ಬಂತೆಂದರೆ ಬೀದಿಯ ಹೆಂಗಸರು ಹಳೇ ಪಂಚೆ ಹಾಸಿ ಅವುಗಳ ಮೇಲೆ ಸಂಡಿಗೆ ಇಡುತ್ತಿದ್ದರು. ಕಾಗೆ ಓಡಿಸುವ ಕೆಲಸ ನನ್ನದು. ಬಂಡೆ ಕಾದು ಅಂಗಾಲು ಚುರ್ರೆನ್ನುತ್ತಿತ್ತು. ನಿಂತಲ್ಲಿ ನಿಲ್ಲಲಾಗದೆ ನೆರಳಿದ್ದ ಪಕ್ಕಕ್ಕೆ ಇಳಿಯುತ್ತಿದ್ದೆ, ಕಾಗೆ ಬಂದರೆ ಕಾಲ್ಬೆರಳನ್ನು ಬಿರುಕಿಗೆ ತೂರಿಸಿ ಮತ್ತೆ ಮೇಲೇರುತ್ತಿದ್ದೆ. ಅರ್ಧ ಒಣಗಿದ ಸಂಡಿಗೆ ಬಾಯಲ್ಲಿ, ಬಂಡೆಯ ಪುಡಿ ಉಗುರಲ್ಲಿ. ಕಾಗೆಗಿಂತ ಹೆಚ್ಚು ಸಂಡಿಗೆ ತಿಂದವಳು ನಾನೇ ಎಂದು ಅಮ್ಮ ಇದ್ದಿದ್ದರೆ ಈಗಲೂ ಹೇಳುತ್ತಿದ್ದಳು.

ಎಂಬತ್ತರ ದಶಕದ ಮೊದಲಲ್ಲಿ ನನಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಯಾರೋ ಯಾರಿಗೋ ಹೇಳಬೇಕಾದ ಮಾತಿಗೆ ತಂತಿ ಜೋಡಿಸುತ್ತಾ ಕೂರುವ ಕೆಲಸ. ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವಳು ವಿಜಯ, ಬನಶಂಕರಿ ಕಡೆಯ ಹುಡುಗಿ. ಅವಳ ಅಂಗೈಯಲ್ಲಿ ಗಾರೆ ಕೆಲಸದವರಿಗಿರುವಂಥ ಜಡ್ಡು ಕಂಡು ಕೇಳಿದೆ. "ಬಂಡೆ ಹತ್ತೋಕೆ ಹೋಗ್ತೀನಿ ಕಣೇ, ಭಾನುವಾರ ನೀನೂ ಬಾ" ಎಂದಳು. ಆ ಭಾನುವಾರ ಹೋದವಳು ಆಮೇಲೆ ಪ್ರತಿ ಭಾನುವಾರವೂ ಹೋದೆ. ಬನಶಂಕರಿಯಲ್ಲಿ ಬಸ್ಸಿಳಿದು, ಇಟ್ಟಮಡು ದಾಟಿ, ರಾಗಿ ಹೊಲಗಳ ಬದುವಿನ ಮೇಲೆ ನಡೆದು ತುರಹಳ್ಳಿಯ ಕುರುಚಲು ಕಾಡಿಗೆ. ಅಲ್ಲಿ ನಮ್ಮ ಗುಂಪಿನ ಹಿರಿಯರಾದ ಶಂಕರ್ ಸಾರ್ ಸೈಕಲ್ಲಿನ ಹಿಂದೆ ಹಗ್ಗದ ಸುರುಳಿ ಕಟ್ಟಿಕೊಂಡು ಬಂದಿರುತ್ತಿದ್ದರು. ಸೇನೆಯಿಂದ ನಿವೃತ್ತರಾಗಿ ಜಯನಗರದಲ್ಲಿ ಮನೆ ಮಾಡಿಕೊಂಡಿದ್ದವರು. ಬಂಡೆಯ ನೆತ್ತಿಯಲ್ಲಿದ್ದ ಮರಕ್ಕೆ ಹಗ್ಗ ಬಳಸಿ ಎರಡೂ ತುದಿ ಕೆಳಗೆ ಬಿಡುವುದು, ಒಂದು ತುದಿ ಹತ್ತುವವಳ ಸೊಂಟಕ್ಕೆ, ಇನ್ನೊಂದು ಕೆಳಗೆ ನಿಂತವಳ ಕೈಗೆ. ಹತ್ತುವವಳು ಜಾರಿದರೆ ಕೆಳಗಿನವಳು ಬಿಗಿ ಹಿಡಿಯಬೇಕು. ನನ್ನ ಹಗ್ಗ ವಿಜಯ ಹಿಡಿಯುತ್ತಿದ್ದಳು, ಅವಳದ್ದು ನಾನು. ಬೇರೆಯವರು ಹಿಡಿದರೆ ನಮ್ಮಿಬ್ಬರಿಗೂ ಧೈರ್ಯ ಸಾಲುತ್ತಿರಲಿಲ್ಲ.

ಒಂದು ವರ್ಷ ಫೆಬ್ರವರಿಯಲ್ಲಿ ಶಂಕರ್ ಸಾರ್ ಒಂದು ಸುದ್ದಿ ತಂದರು. ಆಗಸ್ಟಿನಲ್ಲಿ ಹೆಂಗಸರದೇ ಒಂದು ತಂಡ ಹಿಮಾಲಯಕ್ಕೆ ಹೊರಟಿದೆ, ನಮ್ಮ ಗುಂಪಿನಿಂದ ಇಬ್ಬರಿಗೆ ಜಾಗ, ಮಳೆಗಾಲ ಶುರುವಾದಾಗ ಪರೀಕ್ಷೆ. ಆ ಇಬ್ಬರು ಯಾರೆಂದು ನಮ್ಮಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಾನೂ ವಿಜಯಳೂ ಅವತ್ತೇ ಜಯನಗರದ ಕಾಂಪ್ಲೆಕ್ಸಿಗೆ ಹೋಗಿ ಉಣ್ಣೆಯ ಕಾಲುಚೀಲ ಕೊಂಡೆವು.

ಅತ್ತೆ ತಮ್ಮ ಯಾತ್ರೆಯ ಮಾತು ತೆಗೆದದ್ದು ಅದೇ ವಾರ.

ಅತ್ತೆ ಅಂದರೆ ಅಪ್ಪನ ಅಕ್ಕ, ಗೌರಮ್ಮ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಿಪಟೂರು ಸೀಮೆಯ ಹಳ್ಳಿಗಳಲ್ಲಿ ಟೀಚರಾಗಿದ್ದು, ನಿವೃತ್ತಿಯಾದ ಮೇಲೆ ನಮ್ಮ ಮನೆಗೆ ಬಂದಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಯುವ ತನಕ ನೀರೂ ಮುಟ್ಟುತ್ತಿರಲಿಲ್ಲ. ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ. ಒಂದು ದಿನ ಊಟಕ್ಕೆ ಕೂತಾಗ, ಕೈಕಾಲು ಗಟ್ಟಿಯಿರುವಾಗಲೇ ಕೇದಾರದವರೆಗೂ ಹೋಗಿ ಬರಬೇಕು, ದಾರಿಯಲ್ಲಿ ಶ್ರೀಶೈಲ, ಉಜ್ಜಯಿನಿ, ಓಂಕಾರೇಶ್ವರ, ಕಾಶಿ ಎಲ್ಲ ನೋಡಿಕೊಂಡು, ಎಂದರು. ಅಪ್ಪ ಆಗತಾನೇ ಎದೆನೋವಿನಿಂದ ಎದ್ದಿದ್ದ. ಅಮ್ಮ ಅವನನ್ನು ಬಿಟ್ಟು ಕದಲುವಂತಿರಲಿಲ್ಲ.

"ರತ್ನ ಬರಲಿ" ಎಂದರು ಅತ್ತೆ. "ಬೆನ್ನಿಗೆ ಚೀಲ ಹಾಕ್ಕೊಂಡು ನಡೆಯೋ ಅಭ್ಯಾಸ ಅವಳಿಗಿದೆ."

ಆ ಚೀಲದ ಸಲುವಾಗಿ ಮನೆಯಲ್ಲಿ ನಾನು ಅಷ್ಟು ದಿನ ಬೈಸಿಕೊಂಡಿದ್ದೆ. ಅದೇ ಈಗ ನನ್ನ ಯೋಗ್ಯತೆಯಾಯಿತು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದಾಗಲೆಲ್ಲ ನನಗೆ ಅಕ್ಷರ ತಿದ್ದಿಸಿದವರು ಅವರು.

ಶಂಕರ್ ಸಾರ್ ಸುದ್ದಿ ಕೇಳಿ ಮೀಸೆ ತಡವಿಕೊಂಡರು. "ಕಾಲು ಮರೆಯಲ್ಲ ಕಣಮ್ಮ, ಬೆರಳು ಮರೆತುಬಿಡುತ್ತೆ. ಎಲ್ಲೇ ಇರು, ದಿನಾ ಏನಾದ್ರೂ ಹಿಡ್ಕೊಂಡು ನೇತಾಡು" ಎಂದರು. ವಿಜಯ ತನ್ನ ತಮ್ಮನ ಹಳೇ ಟೆನಿಸ್ ಚೆಂಡೊಂದನ್ನು ತಂದು ಕೊಟ್ಟಳು. "ಬಸ್ಸಲ್ಲಿ ಕೂತಾಗ ಒತ್ತಿರು. ಬಂದ್ಮೇಲೆ ಇಬ್ರೂ ಒಟ್ಟಿಗೆ ಹೋಗೋದು, ತಿಳೀತಾ?"

ನಾನು ಎಕ್ಸ್‌ಚೇಂಜಿಗೆ ಉದ್ದದ ರಜೆ ಬರೆದುಕೊಟ್ಟೆ, ಬೇಸಿಗೆಯ ಮೊದಲಲ್ಲಿ ಹೊರಟೆವು. ಬೆನ್ನಿಗೆ ನನ್ನ ಕ್ಯಾನ್ವಾಸ್ ಚೀಲ, ಹೆಗಲಿಗೆ ಅತ್ತೆಯ ಹಾಸಿಗೆ ಸುರುಳಿ, ಕೈಯಲ್ಲಿ ಅವರ ಪೂಜೆಯ ಪೆಟ್ಟಿಗೆ. ಶ್ರೀಶೈಲದ ಬಸ್ಸಿನಲ್ಲಿ ಚೆಂಡು ಒತ್ತುತ್ತಾ ಕೂತೆ, ಅತ್ತೆ ನೋಡಿಯೂ ನೋಡದವರಂತಿದ್ದರು. ಆದರೆ ರೈಲಿನಲ್ಲಿ ನಾನು ಮೇಲಿನ ಬರ್ತಿನ ಅಂಚಿಗೆ ಬೆರಳು ಸಿಕ್ಕಿಸಿ ಕಾಲು ಮಡಚಿ ನೇತಾಡಿದ್ದೇ ತಡ, ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡರು.

"ಇಳಿಯೇ. ಜನ ನೋಡ್ತಾರೆ."

ಜನ ನೋಡುತ್ತಿದ್ದದ್ದು ನಿಜ. ಎದುರಿಗೆ ಕೂತಿದ್ದ ಪೇಟದ ಹಿರಿಯರು ಹಿಂದಿಯಲ್ಲಿ ಏನೋ ಕೇಳಿದರು. ಅತ್ತೆಗೆ ಬರುತ್ತಿದ್ದ ಹಿಂದಿ ಬಹಳ ಕಡಿಮೆ. ನನ್ನನ್ನೂ ಅವರನ್ನೂ ಒಂದು ಗಳಿಗೆ ನೋಡಿ, "ವ್ರತ ಹೈ" ಎಂದುಬಿಟ್ಟರು. ಹಿರಿಯರು ಕೈಮುಗಿದರು. ಅವರ ಹೆಂಡತಿ ನನಗೆ ಒಂದು ಬಾಳೆಹಣ್ಣು ಕೊಟ್ಟರು. ಅಲ್ಲಿಂದ ಮುಂದೆ ಆ ಇಡೀ ಡಬ್ಬಿಯಲ್ಲಿ ನಾನು ನೇತಾಡುವಾಗಲೆಲ್ಲ ಜನ ಕಾಲು ಸರಿಸಿ ಜಾಗ ಬಿಡುತ್ತಿದ್ದರು. ಜೀವಮಾನವಿಡೀ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡಿದ್ದ ಅತ್ತೆ ಕಿಟಕಿಯಾಚೆ ನೋಡುತ್ತಾ ಕೂತಿದ್ದರು.

ಯಾತ್ರೆಯೆಂದರೆ ಬಹುಪಾಲು ಕಾಯುವುದು ಎಂದು ನನಗೆ ಆಗ ತಿಳಿಯಿತು. ರೈಲಿಗೆ, ನೀರಿಗೆ, ಬಾಗಿಲು ತೆರೆಯುವುದಕ್ಕೆ, ಅತ್ತೆಯ ಪೂಜೆ ಮುಗಿಯುವುದಕ್ಕೆ. ಹಾಸಿಗೆ ಬಿಚ್ಚುವುದು, ಸುತ್ತುವುದು, ಹೊರುವುದು. ಉಜ್ಜಯಿನಿಯೂ ಓಂಕಾರೇಶ್ವರವೂ ಬಿಸಿಲಿನಲ್ಲಿ ಒಂದರೊಳಗೊಂದು ಕರಗಿಹೋಗಿವೆ. ನೆನಪಿರುವುದು ಬಾಗಿಲ ಚೌಕಟ್ಟುಗಳು ಮಾತ್ರ. ಯಾವ ಛತ್ರಕ್ಕೆ ಹೋದರೂ ನನ್ನ ಕಣ್ಣು ಮೊದಲು ಬಾಗಿಲ ಮೇಲ್ಭಾಗಕ್ಕೆ ಹೋಗುತ್ತಿತ್ತು, ಬೆರಳಿಡಲು ಅಂಚಿದೆಯೇ ಎಂದು. ದೇವರ ಮುಂದೆ ನಿಂತಾಗಲೂ ಕಲ್ಲಿನ ಕಂಬದ ಕೆತ್ತನೆಯಲ್ಲಿ ಹಿಡಿ ಹುಡುಕುತ್ತಿದ್ದೆ. ಅತ್ತೆ ಮೊಣಕೈಯಲ್ಲಿ ತಿವಿಯುತ್ತಿದ್ದರು.

ಕಾಶಿಯ ಛತ್ರದಲ್ಲಿ ಒಳ್ಳೆಯ ಚೌಕಟ್ಟು ಸಿಕ್ಕಿತು. ಹಳೇ ಕಾಲದ ಕಲ್ಲಿನದು, ಬೆರಳಿನ ತುದಿ ಕೂರುವಷ್ಟು ಅಂಚು. ಬೆಳಗ್ಗೆ ಅತ್ತೆ ಒಳಗೆ ಪೂಜೆಗೆ ಕೂತಾಗ ನಾನು ಬಾಗಿಲಿಗೆ ನೇತಾಡುತ್ತಿದ್ದೆ. ಬಿಜಾಪುರದ ಕಡೆಯಿಂದ ಬಂದಿದ್ದ ಹೆಂಗಸೊಬ್ಬರು ಎರಡು ದಿನ ದೂರದಿಂದ ನೋಡಿ, ಮೂರನೇ ದಿನ ಹತ್ತಿರ ಬಂದರು.

"ಯವ್ವಾ, ಇದು ಯಾವ ದೇವರಿಗೆ?"

"ದೇವರಿಗಲ್ಲಮ್ಮ, ಕೈಗೆ ಬಲ ಬರಲಿ ಅಂತ."

"ನನ್ನ ಭುಜಾನೂ ಮ್ಯಾಲ ಏಳವಲ್ದು. ನಾನೂ ಜೋತಾಡ್ಲ್ಯಾ?"

ಬೇಡವೆನ್ನುವಷ್ಟರಲ್ಲಿ ಒಂದು ಮಣೆಯ ಮೇಲೆ ಹತ್ತಿ ಚೌಕಟ್ಟು ಹಿಡಿದೇಬಿಟ್ಟರು. ಭುಜದಲ್ಲಿ ಕಟಕ್ ಎಂದಿತು. ಅವರು ಕೆಳಗಿಳಿದು, ಕೈಯನ್ನು ಮೇಲಕ್ಕೆತ್ತಿ ಇಳಿಸಿ, ಮತ್ತೆ ಎತ್ತಿ, ಹೋಗಿ ತಮ್ಮ ತಂಡದ ಹೆಂಗಸರನ್ನೆಲ್ಲ ಕರೆತಂದರು. ಪೂಜೆ ಮುಗಿಸಿ ಎದ್ದ ಅತ್ತೆಗೆ ಹೊರಗೆ ಬರಲು ದಾರಿಯಿರಲಿಲ್ಲ. ಬಾಗಿಲಲ್ಲಿ ಸಾಲು ನಿಂತಿತ್ತು.

ನಗುವುದೆಲ್ಲ ಅಲ್ಲಿಗೆ ಮುಗಿಯಿತು. ಹರಿದ್ವಾರ ತಲುಪುವ ಹೊತ್ತಿಗೆ ನನಗೆ ಆಮಶಂಕೆ ಹಿಡಿಯಿತು. ಜ್ವರ, ಭೇದಿ, ನಿಂತರೆ ಕಣ್ಣು ಕತ್ತಲೆ. ಛತ್ರದ ಕೋಣೆಯಲ್ಲಿ ಚಾಪೆಯ ಮೇಲೆ ಎಷ್ಟು ದಿನ ಬಿದ್ದಿದ್ದೆನೋ ತಿಳಿಯದು. ಅತ್ತೆ ಯಾರದೋ ಸೀಮೆಎಣ್ಣೆ ಸ್ಟೌ ಕೇಳಿ ತಂದು ಗಂಜಿ ಕಾಯಿಸಿದರು, ನನ್ನ ಬಟ್ಟೆ ಒಗೆದರು. ಸ್ವಲ್ಪ ಚೇತರಿಸಿಕೊಂಡ ಮೇಲೆ ಒಂದು ಮಧ್ಯಾಹ್ನ ನನ್ನ ಬೆರಳ ತುದಿ ನೋಡಿಕೊಂಡೆ. ವರ್ಷಗಟ್ಟಲೆ ಬಂಡೆಗೆ ಉಜ್ಜಿ ಬೆಳೆಸಿದ್ದ ಜಡ್ಡು ಪದರ ಪದರವಾಗಿ ಸುಲಿದು, ಕೆಳಗೆ ಎಳೆಗೂಸಿನ ಚರ್ಮದಂಥ ಕೆಂಪು ಚರ್ಮ ಬಂದಿತ್ತು. ಅದನ್ನು ನೋಡಿ ಅಳು ಬಂತು. ಇನ್ನೂ ಕೇದಾರ ಬಾಕಿಯಿತ್ತು, ಅಲ್ಲಿಂದ ಊರಿಗೆ ಮರಳುವ ಅಷ್ಟುದ್ದದ ದಾರಿಯೂ ಬಾಕಿಯಿತ್ತು. ನನಗೆ ಎಲ್ಲ ಸಾಕಾಗಿತ್ತು.

ಅತ್ತೆ ಪಕ್ಕದಲ್ಲಿ ಕೂತು ನನ್ನ ಕೈಯನ್ನು ತಿರುಗಿಸಿ ನೋಡಿದರು. "ಇದು ಹೋದ್ರೆ ಹತ್ತೋಕಾಗಲ್ವಾ?"

"ಕಷ್ಟ ಅತ್ತೆ. ಉರಿಯುತ್ತೆ. ಹಿಡಿತ ನಿಲ್ಲಲ್ಲ."

"ಮತ್ತೆ ಬರುತ್ತಾ?"

"ದಿನಾ ಬಂಡೆ ಮುಟ್ಟಿದ್ರೆ ಬರುತ್ತೆ."

ಅವರು ಎದ್ದು ನನ್ನ ಚೀಲದ ತಳದಿಂದ ಚೆಂಡು ತೆಗೆದು ಅಂಗೈಯಲ್ಲಿಟ್ಟರು. "ಒತ್ತು" ಎಂದರು, ಮಗ್ಗಿ ಹೇಳಿಸುವ ದನಿಯಲ್ಲಿ. ಒತ್ತಿದೆ. "ಇನ್ನೊಂದ್ಸಲ." ಆವತ್ತಿನಿಂದ ಅವರು ಬಿಡಲಿಲ್ಲ. ಬಸ್ಸಿನಲ್ಲಿ ನಾನು ತೂಕಡಿಸಿದರೆ ಮೊಣಕೈ ತಟ್ಟಿ ಎಬ್ಬಿಸಿ ಚೆಂಡು ತೋರಿಸುತ್ತಿದ್ದರು. ರಾತ್ರಿ ಉಳಿಯುವಲ್ಲಿ ನನಗಿಂತ ಮೊದಲು ಅವರೇ ಬಾಗಿಲ ಮೇಲೆ ಕೈಯಾಡಿಸಿ, "ಇಲ್ಲಿ ಹಿಡಿಯೋಕೆ ಚೆನ್ನಾಗಿದೆ" ಎಂದೋ, "ಇದು ಕೊಳೆತಿದೆ, ಬೇಡ" ಎಂದೋ ಹೇಳುತ್ತಿದ್ದರು. ನನಗೆ ಬೇಡವಾಗಿದ್ದ ದಿನವೂ ನೇತಾಡಿದೆ, ಅವರ ಸಲುವಾಗಿ.

ಕೇದಾರದ ಏರು ಹತ್ತುವ ದಿನ ಬಿಸಿಲಿತ್ತು, ಗಾಳಿ ಮಾತ್ರ ಮೂಳೆ ಕೊರೆಯುತ್ತಿತ್ತು. ಅತ್ತೆ ಅರ್ಧ ದಾರಿ ಚೆನ್ನಾಗಿಯೇ ನಡೆದರು. ಆಮೇಲೆ ಪ್ರತಿ ತಿರುವಿನಲ್ಲೂ ಕೂರತೊಡಗಿದರು. ತುಟಿ ಬಿಳಿಚಿತ್ತು. ನಾಲ್ವರು ಹೊರುವ ಡೋಲಿಯವರು ಮುಂದೆ ಬಂದು ನಿಂತರು.

"ಕೂತ್ಕೊಳ್ಳಿ ಅತ್ತೆ, ನಾನು ಪಕ್ಕದಲ್ಲೇ ಬರ್ತೀನಿ."

"ನಾಲ್ಕು ಜನ ಹೊರೋ ದಿನ ಹೇಗೂ ಬರುತ್ತೆ. ಇವತ್ತೇ ಯಾಕೆ?" ಎಂದು ಕೋಲೂರಿ ಎದ್ದರು.

ಚೀಲವನ್ನು ಎದೆಯ ಕಡೆಗೆ ಹಾಕಿಕೊಂಡೆ. ಅವರು ಕೋಲನ್ನು ನನಗೆ ಕೊಟ್ಟು, ನಾನು ಸೊಂಟಕ್ಕೆ ಬಿಗಿದಿದ್ದ ಬೆಲ್ಟನ್ನು ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನು ಎಳೆಯುವುದು, ಅವರು ಬರುವುದು. ನಿಂತರೆ ಇಬ್ಬರೂ ನಿಲ್ಲುವುದು. ಅವರ ಉಸಿರು ನನ್ನ ಬೆನ್ನಿಗೆ ಬಿಸಿಯಾಗಿ ತಾಕುತ್ತಿತ್ತು. ಸಂಜೆಯ ಹೊತ್ತಿಗೆ ಗುಡಿ ಕಂಡಿತು, ಹಿಂದೆ ಹಿಮದ ಗೋಡೆ. ಒಳಗೆ ನೂಕುನುಗ್ಗಲು. ಅತ್ತೆ ಲಿಂಗವಾಗಿ ನಿಂತ ಆ ಕಲ್ಲನ್ನು ಮುಟ್ಟಿದರು, ಮುಟ್ಟುತ್ತಿದ್ದಂತೆಯೇ ಯಾರೋ ಹಿಂದಿನಿಂದ ತಳ್ಳಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ನನಗೆ ಭಕ್ತಿಯಾಗಲೀ ಸಂತೋಷವಾಗಲೀ ಬರಲಿಲ್ಲ. ಎಲ್ಲಾದರೂ ಕಾಲು ಚಾಚಿ ಮಲಗಿದರೆ ಸಾಕಿತ್ತು.

ಅತ್ತೆ ಸೆರಗು ಹೊದ್ದುಕೊಂಡು, "ಮನೆಗೆ ಹೋಗೋಣ ಕಣೇ" ಎಂದರು, ಶಾಲೆ ಬಿಡಲು ಕಾಯುತ್ತಿರುವ ಮಗುವಿನ ಹಾಗೆ.

ಊರು ಸೇರಿದಾಗ ಬೆಂಗಳೂರಿನಲ್ಲಿ ಜಿನುಗು ಮಳೆ ಶುರುವಾಗಿತ್ತು. ಮರುವಾರವೇ ತುರಹಳ್ಳಿಯಲ್ಲಿ ಪರೀಕ್ಷೆ. ನೋಡಿ ಆರಿಸಲು ಹೊರಗಿನಿಂದ ಇಬ್ಬರು ಬಂದಿದ್ದರು. ನನ್ನ ಹಗ್ಗ ವಿಜಯಳ ಕೈಯಲ್ಲಿತ್ತು. ಬಂಡೆಯ ಕೆಳಭಾಗ ಸರಾಗವಾಗಿ ಹತ್ತಿದೆ. ಕಾಲುಗಳು ನನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿದ್ದವು. ನಡುಮಧ್ಯದಲ್ಲಿ ಬಂಡೆ ಸ್ವಲ್ಪ ಮುಂದಕ್ಕೆ ಉಬ್ಬಿದೆ. ಅಲ್ಲಿ ಉಗುರಿನಗಲದ ಒಂದು ಅಂಚು, ಅದರ ಮೇಲೆಯೇ ಮೈಯ ಭಾರವೆಲ್ಲ ಹಾಕಬೇಕು. ಮೊದಲು ಎಷ್ಟೋ ಸಲ ಮಾತಾಡುತ್ತಾ ದಾಟಿದ ಜಾಗ. ಬೆರಳಿಟ್ಟೆ. ಎಳೆಯ ಚರ್ಮ ಉರಿಯಿತು. ತಡೆದುಕೊಂಡೆ. ಆಮೇಲೆ ಬೆರಳುಗಳು, ನಾನು ಹೇಳದೆಯೇ, ಒಂದೊಂದಾಗಿ ಬಿಚ್ಚಿಕೊಂಡವು. ಹಗ್ಗ ಬಿಗಿಯಿತು. ಗಾಳಿಯಲ್ಲಿ ತಿರುಗುತ್ತಾ ಕೆಳಗೆ ನೋಡಿದೆ. ವಿಜಯ ಹಗ್ಗಕ್ಕೆ ಜೋತುಬಿದ್ದು ನಿಂತಿದ್ದಳು, ಅವಳ ಮುಖ ಬಿಳಿಚಿಹೋಗಿತ್ತು. ಮತ್ತೊಮ್ಮೆ ಪ್ರಯತ್ನಿಸಲು ಬಿಟ್ಟರು. ಮತ್ತೆ ಅದೇ ಆಯಿತು.

ವಿಜಯ ಆಯ್ಕೆಯಾದಳು. ಇನ್ನೊಂದು ಜಾಗ ಕಾಲೇಜು ಹುಡುಗಿಯೊಬ್ಬಳಿಗೆ ಹೋಯಿತು. ಹಗ್ಗ ಸುತ್ತುತ್ತಾ ಶಂಕರ್ ಸಾರ್ ನನ್ನನ್ನು ಪಕ್ಕಕ್ಕೆ ಕರೆದರು.

"ಬೆರಳು ಹೋಗಿದೆ. ಆದ್ರೆ ಕಾಲು ಬಂದಿದೆ ಕಣಮ್ಮ, ನಾನು ನೋಡ್ದೆ. ಕ್ಯಾಂಪಿನ ತನಕ ಸಾಮಾನು ಹೊರೋಕೆ ಒಬ್ಬರು ಬೇಕು ಅಂತಿದ್ರು. ಕೇಳಲಾ?"

"ಬೇಡ ಸಾರ್" ಎಂದೆ. "ಹೊತ್ತೂ ಹೊತ್ತೂ ಸಾಕಾಗಿದೆ."

ಅದು ಸೊಕ್ಕೋ ಸುಸ್ತೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಎರಡೂ ಇತ್ತೇನೋ. ಅವರು ಒತ್ತಾಯ ಮಾಡಲಿಲ್ಲ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿ ಒಳಗೆ ಹೋದರು. ಕಾಫಿ ಕೊಟ್ಟು ಎದುರಿಗೆ ಕೂತು, "ಚೆಂಡು ಮೆತ್ತಗಾಯ್ತೇನೋ" ಎಂದರು. ತಮ್ಮ ಕ್ಲಾಸಿನ ಒಬ್ಬಳೇ ಹುಡುಗಿ ಫೇಲಾದವರ ಹಾಗಿತ್ತು ಅವರ ಮುಖ. ಇಲ್ಲ ಅತ್ತೆ, ಚೆಂಡು ಸರಿಯಾಗೇ ಇತ್ತು ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ವಿಜಯಳನ್ನು ರೈಲು ಹತ್ತಿಸಲು ಹೋಗಿದ್ದೆ. ನನ್ನ ಉಣ್ಣೆಯ ಕಾಲುಚೀಲವನ್ನೂ ಅವಳಿಗೇ ಕೊಟ್ಟೆ. "ಬರೀತೀನಿ" ಎಂದಳು, ನಾನು ಕೈ ಬೀಸಿದೆ. ಎಕ್ಸ್‌ಚೇಂಜಿನಲ್ಲಿ ಅವಳ ಕುರ್ಚಿಗೆ ಬೇರೆ ಹುಡುಗಿ ಬಂದು ಕೂತಳು. ಭಾನುವಾರ ನಾನು ಮಧ್ಯಾಹ್ನದವರೆಗೂ ಮಲಗತೊಡಗಿದೆ. ಅಮ್ಮನಿಗೆ ಇದು ಒಳ್ಳೆಯ ಲಕ್ಷಣವೆನ್ನಿಸಿತು. ಮೂರನೆಯ ಭಾನುವಾರ ಅತ್ತೆ ಬಂದು ಹೊದಿಕೆ ಎಳೆದರು.

"ಏಳು. ಬಂಡೆ ಮುಟ್ಟಿದ್ರೆ ಮತ್ತೆ ಬರುತ್ತೆ ಅಂತ ನೀನೇ ಅಂದಿದ್ದೆ."

ಕೊಡೆ ಹಿಡಿದು ಅವರೂ ಹೊರಟರು. ಇಟ್ಟಮಡುವಿನವರೆಗೆ ನಡೆದು, ಮಂಡಿ ಹಿಡಿಯಿತೆಂದು ಅಲ್ಲಿಯ ಅಂಗಡಿಯ ಬೆಂಚಿನ ಮೇಲೆ ಕೂತು, ನಾನು ಹೋಗಿ ಬರುವ ತನಕ ಕಾದರು. ಮುಂದಿನ ಭಾನುವಾರವೂ ಅಲ್ಲೇ ಕೂತರು. ನಾನು ಗುಂಪಿನಲ್ಲಿ ಯಾರಾದರೂ ಹಗ್ಗ ಹಿಡಿದರೆ ಹತ್ತುತ್ತಿದ್ದೆ, ಇಲ್ಲದಿದ್ದರೆ ಕೆಳಗಿನ ಸಣ್ಣ ಬಂಡೆಗಳ ಮೇಲೆ ಅತ್ತಿತ್ತ ಆಡುತ್ತಿದ್ದೆ. ನಿಧಾನವಾಗಿ ಬೆರಳಿನ ತುದಿ ಒರಟಾಯಿತು.

ಅಕ್ಟೋಬರಿನಲ್ಲಿ ವಿಜಯ ಬಂದಳು. ಮೂಗಿನ ಚರ್ಮ ಸುಲಿದು, ಮುಖ ಕಪ್ಪಿಟ್ಟು, ಕಣ್ಣಿನ ಸುತ್ತ ಮಾತ್ರ ಕನ್ನಡಕದ ಆಕಾರದಲ್ಲಿ ಬೆಳ್ಳಗಿದ್ದಳು. ಮೊದಲು ಬಂದದ್ದು ನಮ್ಮ ಮನೆಗೆ. ನಾನು ಎಷ್ಟೋ ದಿನದಿಂದ ಈ ಗಳಿಗೆಗೆ ಮುಖವನ್ನು ಸಿದ್ಧಮಾಡಿಟ್ಟುಕೊಂಡಿದ್ದೆ. ಹೊಟ್ಟೆಕಿಚ್ಚು ಕಾಣಬಾರದೆಂದು. ಅವಳು ಕೂರುವ ಮೊದಲೇ ಹೇಳಿದಳು.

"ಮೇಲೆ ಹೋಗ್ಲಿಲ್ಲ ಕಣೇ. ಕ್ಯಾಂಪಿನಿಂದ ಆಚೆ ಹೋಗೋಕೇ ಆಗ್ಲಿಲ್ಲ. ಹಿಮ ಬಿದ್ದು ಬಿದ್ದು, ಟೆಂಟಲ್ಲೇ ಕೂತು, ವಾಪಸ್ ಬಂದ್ವಿ."

"ಬಂಡೆ?"

"ಮುಟ್ಟಲೂ ಇಲ್ಲ."

ಸಿದ್ಧಮಾಡಿಟ್ಟಿದ್ದ ಮುಖವನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಅವಳು ಅಳಲಿಲ್ಲ. ಸ್ವಲ್ಪ ಮಲಗ್ತೀನಿ ಎಂದಳು. ಅತ್ತೆಯ ಮಂಚದ ಮೇಲೆ ಮಲಗಿದವಳು ಸಂಜೆಯವರೆಗೂ ಮಗ್ಗುಲಾಗಲಿಲ್ಲ. ಅತ್ತೆ ಅವಳ ಕಾಲಿನ ಗುಳ್ಳೆಗಳನ್ನು ನೋಡಿ, ನೀರು ಕಾಯಿಸಿಟ್ಟು, ಏಳುವುದನ್ನೇ ಕಾಯುತ್ತಾ ಕೂತರು.

ಮುಂದಿನ ಭಾನುವಾರ ಇಬ್ಬರೂ ತುರಹಳ್ಳಿಗೆ ಹೋದೆವು. ಬದುವಿನ ಮೇಲೆ ನಡೆಯುವಾಗ ಎಕ್ಸ್‌ಚೇಂಜಿನ ಹೊಸ ಸೂಪರ್‌ವೈಸರ್ ವಿಷಯ ಮಾತಾಡಿದೆವು, ಬೆಟ್ಟದ ಸುದ್ದಿ ಬರಲಿಲ್ಲ. ಶಂಕರ್ ಸಾರ್ ಹಗ್ಗ ಇಳಿಬಿಟ್ಟು ಬೇರೆಯವರ ಕಡೆ ಹೋದರು. ನಾನು ಅವಳಿಗೆ ತುದಿ ಚಾಚಿದೆ.

"ನೀನು ಮೊದ್ಲು ಹತ್ತು."

"ನಾನಿವತ್ತು ಹತ್ತಲ್ಲ" ಎಂದಳು ವಿಜಯ. "ನಂಗೆ ಮನಸ್ಸಿಲ್ಲ. ನೀನು ಹತ್ತು, ನಾನು ಹಿಡ್ಕೋತೀನಿ."

ಆ ಉಬ್ಬಿನ ಹತ್ತಿರ ನಿಂತು ಒಂದು ಸಲ ಉಸಿರು ಬಿಟ್ಟೆ. ಅಂಚಿಗೆ ಬೆರಳಿಟ್ಟೆ, ಭಾರ ಹಾಕಿದೆ. ಬೆರಳು ನಿಂತವು. ಮೇಲೆ ಹೋಗಿ ಮರ ಮುಟ್ಟಿದೆ. ದೂರದಲ್ಲಿ ಯಾವುದೋ ಕೆರೆ ಹೊಳೆಯುತ್ತಿತ್ತು. ಅದು ಹುಳಿಮಾವು ಕೆರೆಯೆಂದು ಅವಳು ಯಾವಾಗಲೂ ವಾದ ಮಾಡುತ್ತಿದ್ದಳು, ಅವತ್ತು ಅಲ್ಲವೆಂದು ನಾನು ಕೂಗಿ ಹೇಳಿದರೂ ವಾದಕ್ಕೆ ಬರಲಿಲ್ಲ. ಕೆಳಗಿಳಿದು ಬಂದು ಗಂಟು ಬಿಚ್ಚಲು ಹೋದೆ.

"ಬಿಚ್ಚಬೇಡ. ಇನ್ನೊಂದ್ಸಲ ಹೋಗು" ಎಂದಳು.

ಮತ್ತೆ ಹತ್ತಿದೆ. ಇಳಿದೆ, ಮತ್ತೆ ಹತ್ತಿದೆ. ಸಾಕೆಂದು ನಾನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಬಿಸಿಲು ನೆತ್ತಿಗೆ ಬಂದು ಉಳಿದವರೆಲ್ಲ ಬುತ್ತಿ ಬಿಚ್ಚಿ ನಮ್ಮನ್ನು ಕೂಗುತ್ತಿದ್ದರು. ವಿಜಯ ಕತ್ತೆತ್ತಿ, ಸುಲಿದ ಮೂಗನ್ನು ತೋಳಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಹಗ್ಗ ಹಿಡಿದು ನನ್ನನ್ನೇ ನೋಡುತ್ತಾ ನಿಂತೇ ಇದ್ದಳು.